ಮದುವೆಗೆಂದು ಇಟ್ಟಿದ್ದ ಬಾಟಲಿ

ಕೆಟ್ಟುಹೋದ ವೈನನ್ನು ಅವಳು ಬೇಕೆಂದೇ ಎಲ್ಲರ ಗ್ಲಾಸಿಗೂ ಸುರಿದಿದ್ದಳು.

ಚಿಕ್ಕಪ್ಪನ ವೈನ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಅವಳ ಕ್ಲಾಸು. ಹಳೆಯ ಫ್ರೆಂಚ್ ಕೆಂಪು ವೈನನ್ನು ಹೇಗೆ ನೋಡಬೇಕು, ಹೇಗೆ ಮೂಸಬೇಕು, ಎಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಳ್ಳಬೇಕು ಎಂದು ಕಲಿಸುತ್ತಿದ್ದಳು. ಚಿಕ್ಕಪ್ಪ ಅವಳನ್ನು 'ಮೂಗಿನ ರಾಣಿ' ಎಂದು ಕರೆಯುತ್ತಿದ್ದರು. ಬಾಗಿಲಾಚೆ ನಿಂತವರು ಯಾವ ಸೋಪು ಹಚ್ಚಿದ್ದಾರೆಂದು ಒಳಗಿನಿಂದಲೇ ಹೇಳಿಬಿಡುವ ಮೂಗು ಅದು. ಕೋಪವೂ ಅದರ ತುದಿಯಲ್ಲೇ ಇರುತ್ತಿತ್ತು.

ಬಿರಡೆಯ ಬೂಷ್ಟು ವಾಸನೆ ಹತ್ತಿದ ವೈನ್ ಹೇಗಿರುತ್ತದೆಂದು ತೋರಿಸುವುದು ಅಂದಿನ ಪಾಠ. ಯಾರಿಗೂ ಮುಂಚೆ ಹೇಳಿರಲಿಲ್ಲ. ಮೊದಲು ಯಾರನ್ನು ಕೇಳಲಿ ಎಂದು ನೋಡಿದಾಗ, ಮೂಲೆಯಲ್ಲಿ ಕುಳಿತಿದ್ದ ಬೇಕರಿಯವನ ಮೇಲೆ ಕಣ್ಣು ನಿಂತಿತು. ಕೆಲವು ವಾರಗಳಿಂದ ಅಲ್ಲೇ ನಿಲ್ಲುತ್ತಿತ್ತು, ಅದು ಬೇರೆ ಮಾತು. ಉಗುರಂಚಿನಲ್ಲಿ ಮೈದಾಹಿಟ್ಟು, ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ.

"ನೀವು ಹೇಳಿ. ಹೇಗಿದೆ?"

ಅವನು ಗ್ಲಾಸನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. "ಆಹಾ! ದ್ರಾಕ್ಷಿ ತೋಟದಲ್ಲೇ ನಿಂತ ಹಾಗಿದೆ!"

ಉಳಿದವರು ಮೂಸಿ ಮುಖ ಕಿವುಚಿದರು. ಹಸಿ ರಟ್ಟು ಕೊಳೆತಂಥ ವಾಸನೆ. ಇವನು ತನ್ನನ್ನು ಆಡಿಕೊಳ್ಳುತ್ತಿದ್ದಾನೆ ಎಂದೇ ಅವಳಿಗನಿಸಿತು.

"ಮೂಗನ್ನ ಮನೇಲೇ ಬಿಟ್ಟು ಬಂದ್ರಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಅವನೂ ನಕ್ಕ, ಆದರೆ ಕೆನ್ನೆಯ ಗುಳಿ ಮೂಡಲಿಲ್ಲ. ಕ್ಲಾಸು ಮುಗಿಯುವ ಮೊದಲೇ ಎದ್ದು, ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿ, ಹೊರಟುಹೋದ.

ಎರಡು ದಿನ ಅವಳಿಗೆ ಆ ಕುರ್ಚಿಯದೇ ಯೋಚನೆ. ಸೋಮವಾರ ಬೆಳಿಗ್ಗೆ ಬೇಕರಿಗೆ ಹೋದಳು. ಬ್ರೆಡ್ ತರುವುದಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು, ಮನೆಯಲ್ಲಿ ಬ್ರೆಡ್ ಬೇಕಾದಷ್ಟಿದ್ದರೂ.

ಅವನು ಕೌಂಟರಿನಲ್ಲಿದ್ದ. "ಏನ್ ಕೊಡ್ಲಿ ಮೇಡಂ?"

"ಒಂದು ಬ್ರೆಡ್. ಮೊನ್ನೆ ನಾನು..." ಎನ್ನುತ್ತಿದ್ದವಳ ಮೂಗು ನಿಮಿರಿತು. "ಒಳಗೆ ಏನೋ ಸೀಯ್ತಿದೆ ಅಲ್ವಾ?"

ಅವನು ಓಡಿದ. ಒಳಗಿನಿಂದ ಅವನ ಅಕ್ಕನ ಧ್ವನಿ ಕೇಳಿಸಿತು: "ಮತ್ತೆ ಸೀಯಿಸಿದ್ಯೇನೋ! ಓವನ್ ಪಕ್ಕದಲ್ಲೇ ಇದ್ಯಲ್ಲೋ!" ಕಪ್ಪಗಾದ ಟ್ರೇ ಹಿಡಿದು ಅವನು ಹೊರಬಂದಾಗ ಹೊಗೆ ಅವನ ಮುಖದ ಸುತ್ತಲೇ ಇತ್ತು. ಅವನು ಮುಖ ತಿರುಗಿಸಲೂ ಇಲ್ಲ.

ಅವಳಿಗೆ ಆಗ ಅರ್ಥವಾಯಿತು.

"ಯಾವಾಗಿಂದ?"

"ಹೋದ ವರ್ಷ ಒಂದು ಜ್ವರ ಬಂತು. ಹೋಗ್ತಾ ವಾಸನೇನೂ ಕರ್ಕೊಂಡು ಹೋಯ್ತು." ಅವನು ಟ್ರೇ ಕೆಳಗಿಟ್ಟ. "ದಿನಾ ಘಾಟಾಗಿರೋದನ್ನೆಲ್ಲ ಮೂಸ್ತಾ ಇರಿ, ಬಂದ್ರೂ ಬರಬಹುದು ಅಂದ್ರು ಡಾಕ್ಟ್ರು. ಅದಕ್ಕೇ ನಿಮ್ಮ ಕ್ಲಾಸಿಗೆ ಸೇರ್ಕೊಂಡೆ. ಪಕ್ಕದವರು ಹೇಳಿದ್ದನ್ನೇ ತಿರುಗಿಸಿ ಹೇಳ್ತಿದ್ದೆ. ಅವತ್ತು ನೀವು ಮೊದಲು ನನ್ನನ್ನೇ ಕೇಳಿಬಿಟ್ರಿ."

"ನನ್ನದೇ ತಪ್ಪು. ನನ್ನ ನಾಲಿಗೆ ಸ್ವಲ್ಪ ಉದ್ದ."

"ನಿಮ್ಮ ಮೂಗಿನ ಬಗ್ಗೆ ಊರೆಲ್ಲ ಮಾತಾಡುತ್ತೆ. ನಾಲಿಗೆ ವಿಷಯ ಯಾರೂ ಹೇಳಿರಲಿಲ್ಲ."

ಗುಳಿ ಮೂಡಿತು.

ಮರುದಿನದಿಂದ, ಬೆಳಗಿನ ಬ್ರೆಡ್ ಓವನ್‌ನಿಂದ ಇಳಿದ ಮೇಲೆ ಅವನು ಅಂಗಡಿಗೆ ಬರತೊಡಗಿದ. ಲವಂಗ, ನಿಂಬೆ ಸಿಪ್ಪೆ, ಕಾಫಿಪುಡಿ, ಹಳೆಯ ಚರ್ಮದ ತುಂಡು ಎಲ್ಲವನ್ನೂ ಅವಳು ಸಣ್ಣ ಸೀಸೆಗಳಲ್ಲಿ ಜೋಡಿಸಿಟ್ಟಿದ್ದಳು. ಒಂದೊಂದನ್ನೂ ಅವನ ಮೂಗಿನ ಕೆಳಗೆ ಹಿಡಿಯುವಳು. ಅವನು ತಲೆಯಾಡಿಸುವನು, ಇಲ್ಲ. ಕೊನೆಗೆ ಒಂದು ಗುಟುಕು ವೈನ್. ವಾಸನೆ ಇಲ್ಲದಿದ್ದರೂ ಅವನ ನಾಲಿಗೆಗೆ ಒಗರು, ಹುಳಿ, ಬಿಸುಪು ತಿಳಿಯುತ್ತಿದ್ದವು.

"ಇದರಲ್ಲಿ ಒಗರು ಜಗಳಕ್ಕೆ ನಿಂತಿದೆ," ಎನ್ನುವನು ಹೊಸ ವೈನಿಗೆ. ಹಳೆಯದಕ್ಕೆ, "ಇದರಲ್ಲಿ ರಾಜಿ ಆಗಿದೆ."

ಅವಳು ಕಣ್ಣು ಮುಚ್ಚಿ, ಗ್ಲಾಸಿನಲ್ಲಿ ಸಿಕ್ಕಿದ್ದನ್ನೆಲ್ಲ ಅವನಿಗೆ ಬಿಡಿಸಿ ಹೇಳುವಳು. ಒಣ ಎಲೆ, ಮಾಗಿದ ಹಣ್ಣು, ತಂಪು ಮಣ್ಣು. ಕಣ್ಣು ತೆರೆದರೆ ಅವನು ಅವಳನ್ನೇ ನೋಡುತ್ತಿರುವನು.

"ಗ್ಲಾಸ್ ನೋಡಿ, ನನ್ನನ್ನಲ್ಲ."

"ಗ್ಲಾಸಲ್ಲೂ ನೀವೇ ಕಾಣ್ತೀರಿ. ನಾನೇನು ಮಾಡ್ಲಿ?"

ತಿಂಗಳುಗಳು ಉರುಳಿದವು. ಮೂಗು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಒಂದು ಬೆಳಿಗ್ಗೆ ಅವನು ಸೀಸೆಗಳನ್ನು ಮುಟ್ಟಲೇ ಇಲ್ಲ. "ಓವನ್ ಕೆಲಸಕ್ಕೆ ಬೇರೆಯವರನ್ನ ಇಡ್ತೀನಿ ಅಂತಿದಾಳೆ ಅಕ್ಕ. ಸರಿಯಾಗೇ ಹೇಳ್ತಿದಾಳೆ. ಇನ್ನು ನಿಮ್ಮ ಬೆಳಗನ್ನ ಹಾಳು ಮಾಡಲ್ಲ."

"ಹಾಳು ಅಂತ ನಾನು ಹೇಳಿದ್ನಾ?"

ಅವನು ಎದ್ದು, ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿದ.

ಅವನು ಹೋದ ಮೇಲೆ ಅವಳು ನೆಲಮಾಳಿಗೆಗೆ ಇಳಿದಳು. ಅವಳು ಹುಟ್ಟಿದ ವರ್ಷದ ಫ್ರೆಂಚ್ ವೈನ್, ಬೋರ್ಡೊ ಬಾಟಲಿಯೊಂದು ಅಲ್ಲಿ ಮಲಗಿತ್ತು. ಮಗಳ ಮದುವೆಯ ದಿನ ತೆಗೆಯೋಣವೆಂದು ಅಪ್ಪ ಇಟ್ಟಿದ್ದು. ಅಪ್ಪ ಹೋಗಿ ಬಹಳ ಕಾಲವಾಗಿತ್ತು. ಅವಳಿಗೆ ಮೂವತ್ತೇಳು ತುಂಬಿತ್ತು. ವೈನಿಗೂ ಅಷ್ಟೇ. ಬಾಟಲಿಯಲ್ಲಿ ಅದರ ಮಟ್ಟ ಕತ್ತಿನಿಂದ ಭುಜಕ್ಕೆ ಇಳಿದಿತ್ತು. ಇನ್ನು ಇಟ್ಟರೆ ಸತ್ತೇ ಹೋಗುತ್ತದೆ.

"ಚಿಕ್ಕಪ್ಪಾ, ಭಾನುವಾರ ಇದನ್ನ ತೆಗೀತೀನಿ. ಬೇಕರಿಯವರನ್ನೂ ಅವರ ಅಕ್ಕನ್ನೂ ಕರೀರಿ."

ಚಿಕ್ಕಪ್ಪ ಮೂಗಿನ ಮೇಲೆ ಬೆರಳಿಟ್ಟರು. "ಮದುವೆ?"

"ವೈನಿಗೆ ಅಷ್ಟು ತಾಳ್ಮೆ ಇಲ್ಲ."

ಭಾನುವಾರ ಮಧ್ಯಾಹ್ನ ನಾಲ್ವರೂ ಹಿಂದಿನ ಕೋಣೆಯ ಮೇಜಿನ ಸುತ್ತ ಕೂತರು. ಬಿರಡೆ ಅರ್ಧಕ್ಕೇ ಪುಡಿಯಾಯಿತು. ಉಳಿದರ್ಧವನ್ನು ಅವಳು ಉಸಿರು ಹಿಡಿದು ಎಳೆದಳು. ಮೇಣದಬತ್ತಿಯ ಬೆಳಕಿನಲ್ಲಿ ಬಾಟಲಿಯ ಕತ್ತನ್ನು ನೋಡುತ್ತ, ತಳದ ಗಸಿ ಬರದಂತೆ, ಗಾಜಿನ ಹೂಜಿಗೆ ಇಳಿಸಿದಳು. ನಡುವೆ ದಾಳಿಂಬೆ ಕೆಂಪು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ಮೂಸಿದರೆ ಏನೂ ಇಲ್ಲ. ಅವಳು ಇನ್ನೊಮ್ಮೆ ಮೂಸಿದಳು. ತಡಮಾಡಿಬಿಟ್ಟೆನೇ?

"ಸ್ವಲ್ಪ ಕಾಯೋಣ," ಎಂದ ಅವನು ಮೆಲ್ಲಗೆ. "ಹಿಟ್ಟಿಗೂ ಉಬ್ಬೋಕೆ ಹೊತ್ತು ಬೇಕು."

ಕಾದರು. ವೈನ್ ನಿಧಾನಕ್ಕೆ ಎಚ್ಚೆತ್ತಿತು.

"ಹೊಗೆಸೊಪ್ಪು!" ಎಂದರು ಚಿಕ್ಕಪ್ಪ.

"ನಂಗೆ ಒಣ ಅಂಜೂರದ ಹಾಗಿದೆ," ಎಂದಳು ಅವನ ಅಕ್ಕ.

ಅವನು ಗ್ಲಾಸನ್ನು ಮೂಗಿಗೆ ಹಿಡಿದ. ಅವಳು ಕೇಳಬಾರದೆಂದುಕೊಂಡಿದ್ದಳು, ಕೇಳಲೂ ಇಲ್ಲ. ಅವನೇ ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಮೂಸಿದ.

"ಪೆನ್ಸಿಲ್."

"ಏನು?"

"ಈಗಷ್ಟೇ ಚೂಪು ಮಾಡಿದ ಪೆನ್ಸಿಲ್. ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತಲ್ಲ, ಅದು. ಅಯ್ಯೋ... ಹೋಯ್ತು."

ಕೋಣೆಯಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ಅವಳ ಮೂಗಿಗೆ ಸಿಕ್ಕಿತ್ತು, ಆದರೆ ಬಾಯಿ ಬಿಟ್ಟಿರಲಿಲ್ಲ. ತನಗರಿವಿಲ್ಲದೆ ಅವನ ಮಣಿಕಟ್ಟು ಹಿಡಿದುಬಿಟ್ಟಳು.

"ಅದು ಇದೆ. ನಿಜವಾಗ್ಲೂ ಇದೆ. ಬಂದು ಹೋದದ್ದು ಮತ್ತೆ ಬರುತ್ತೆ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿಕ್ಕಪ್ಪ ಎದ್ದರು. "ಬನ್ನಿಮ್ಮಾ, ಅಂಗಡಿ ತೋರಿಸ್ತೀನಿ."

"ಬರೋವಾಗ್ಲೇ ನೋಡಿದ್ನಲ್ಲ."

"ಇನ್ನೊಂದ್ಸಲ ನೋಡಿ."

ಬಾಗಿಲು ಮುಚ್ಚಿತು. ಅವಳು ಇನ್ನೂ ಮಣಿಕಟ್ಟು ಬಿಟ್ಟಿರಲಿಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ.

"ಒಂದು ಮಾತು," ಎಂದ ಅವನು. "ಮೂಗಿಗೋಸ್ಕರ ಬಂದಿದ್ದು ಮೊದಲ ವಾರ ಮಾತ್ರ. ಆಮೇಲೆಲ್ಲ ನಿಮಗೋಸ್ಕರ. ಅದು ಪೂರ್ತಿ ಬಂದಮೇಲೆ ಹೇಳೋಣ ಅಂತಿದ್ದೆ."

"ಬರದೇ ಇದ್ದಿದ್ರೆ?"

"ಹೇಳ್ತಾನೇ ಇರ್ಲಿಲ್ಲ."

"ಅದಕ್ಕೇ ನಾನು ಬಾಟಲಿ ತೆಗೆದಿದ್ದು." ಅವಳ ಕಿವಿ ಬಿಸಿಯಾಗಿತ್ತು. "ಪೆನ್ಸಿಲ್ ಸಿಗದಿದ್ರೂ ಇವತ್ತು ನಾನೇ ಹೇಳ್ತಿದ್ದೆ."

ಅವನು ಅವಳನ್ನೂ ಹೂಜಿಯನ್ನೂ ನೋಡಿದ. "ನಿಮ್ಮ ಮದುವೆಗೆ ಅಂತ ಇಟ್ಟಿದ್ದಂತೆ ಇದು. ಚಿಕ್ಕಪ್ಪ ಹೇಳಿದ್ರು. ಎಲ್ಲಾ ಕುಡಿದುಬಿಟ್ರೆ ಮದುವೆಗೆ ಏನಿಡ್ತೀರಿ?"

ಅವಳು ಉಳಿದ ವೈನನ್ನು ಎರಡೂ ಗ್ಲಾಸಿಗೆ ಸಮನಾಗಿ ಸುರಿದಳು.

"ಬ್ರೆಡ್ ಇಡೋಣ. ಸೀಯಿಸಬೇಡಿ, ಅಷ್ಟೇ."