ಹತ್ತು ಕಿಲೋ ಹಿಟ್ಟು, ಒಂದು ಹಳದಿ ಟೋಪಿ

ಕೆಳಗಿನ ಮನೆಯವನಿಗೆ ಒಂದು ಮಗುವಿದೆ ಎಂಬ ಸುದ್ದಿ ಅವಳಿಗೆ ಸಿಕ್ಕಿದ್ದು ಒಗೆದ ಬಟ್ಟೆ ಹರವುತ್ತಿದ್ದಾಗ.

ಮೂರನೇ ಮಹಡಿಯ ಬಾಲ್ಕನಿ, ಸಂಜೆ ಐದೂವರೆ. ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಅವನು ಎರಡೂ ತೋಳಲ್ಲಿ ಏನನ್ನೋ ಎದೆಗವಚಿಕೊಂಡು ಬಂದ. ಟವೆಲ್ಲಿನಲ್ಲಿ ಸುತ್ತಿದ ಪುಟ್ಟ ದೇಹ, ತಲೆಗೆ ಹಳದಿ ಟೋಪಿ. ಕಾರಿನ ಹಿಂಬಾಗಿಲು ತೆರೆದು ಮೆಲ್ಲಗೆ ಒಳಗೆ ಕೂರಿಸಿದ. "ಸ್ವಲ್ಪ ತಾಳಮ್ಮಾ, ಇನ್ನೊಂದೇ ಬೆಲ್ಟು," ಎಂದು ಅವನು ಮುದ್ದು ಮಾಡಿದ್ದು ಅಷ್ಟು ಮೇಲಕ್ಕೂ ಕೇಳಿಸಿತು.

ಅವಳ ಕೈಯಲ್ಲಿದ್ದ ಕ್ಲಿಪ್ಪು ಜಾರಿ ಬಿತ್ತು.

"ದೊಡ್ಡಮ್ಮಾ, ಕೆಳಗಿನ ಮನೆ ಲಿಫ್ಟಿನವರಿಗೆ ಮದುವೆ ಆಗಿದೆಯಾ?"

"ಆಗಿದ್ರೆ ನನಗೆ ಗೊತ್ತಾಗದೆ ಇರುತ್ತಾ?" ಒಳಗೆ ಅವಳ ಪುಟ್ಟ ಮಗಳು ಬಟಾಣಿಗೆ ಊಟ ಮಾಡಿಸುತ್ತಿದ್ದ ದೊಡ್ಡಮ್ಮ ಕೇಳಿದರು. ಆ ಕಟ್ಟಡದ ಯಾವ ಸುದ್ದಿಯೂ ಅವರ ಕಿವಿ ತಪ್ಪಿಸಿಕೊಂಡು ಹೋದದ್ದಿಲ್ಲ. "ನಿನಗ್ಯಾಕೆ ಆ ವಿಚಾರ?"

"ಸುಮ್ನೆ."

ಸುಮ್ಮನೆಯಂತೆ! ಸುಮ್ಮನೆ ಕೇಳುವವರ ಮುಖ ಹಾಗೆ ಬಾಡುತ್ತದೆಯೇ?

ಅವನು ಲಿಫ್ಟ್ ರಿಪೇರಿ ಮಾಡುವವನು. ಅವಳು ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ತಯಾರಿಸುವವಳು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕಚ್ಚುವವರಿಗೆ ಗೊತ್ತಾಗಿಬಿಡುವ ಕೆಲಸ ಅದು. ಎದುರಿಗೆ ಬಂದವರ ಹಲ್ಲನ್ನೇ ಮೊದಲು ನೋಡುವ ಚಾಳಿ ಅವಳಿಗೆ ಅಂಟಿಕೊಂಡಿತ್ತು. ಅವನ ಎಡಗಡೆಯ ಕೋರೆಹಲ್ಲು ಒಂಚೂರು ಮುಂದಕ್ಕೆ ಬಂದಿದೆ. ನಗುವಾಗ ಎಲ್ಲಕ್ಕಿಂತ ಮೊದಲು ಅದೇ ನಗುತ್ತದೆ. ಬೇರೆಯವರದ್ದಾಗಿದ್ದರೆ, ಸರಿಮಾಡಿಸಿಕೊಳ್ಳಿ ಎಂದುಬಿಡುತ್ತಿದ್ದಳು. ಇದೊಂದು ಹಾಗೇ ಇರಲಿ ಎಂದು ಅವಳಿಗೆ ಅನ್ನಿಸತೊಡಗಿ ಆರು ತಿಂಗಳಾಗಿತ್ತು.

ಎರಡು ಸಲ ಅವನು ಕೇಳಿದ್ದ. "ಬಸ್ಸಿಗೆ ಯಾಕೆ ಕಾಯ್ತೀರಿ? ನಾನೂ ಆ ಕಡೆನೇ ಹೋಗೋದು. ಮಗೂನ ಡೇ ಕೇರಲ್ಲಿ ಬಿಟ್ಟು, ನಿಮ್ಮನ್ನ ಲ್ಯಾಬ್ ಹತ್ರ ಇಳಿಸ್ತೀನಿ."

ಎರಡು ಸಲವೂ ಅವಳ ಉತ್ತರ ಒಂದೇ. "ಬಟಾಣಿ ಯಾರ ಕಾರೂ ಹತ್ತಲ್ಲ. ತಪ್ಪು ತಿಳೀಬೇಡಿ."

ಎರಡನೇ ಸಲ ಅವನು ಯಾಕೆಂದು ಕೇಳಿದ. ಅವಳು ಹೇಳಿಯೂಬಿಟ್ಟಳು. ಗಂಡನಾಗಿದ್ದವನು "ಏನಾಗುತ್ತೆ ಬಿಡೇ" ಎನ್ನುತ್ತ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕಾರು ಓಡಿಸಿದ್ದು, ಒಂದೇ ಒಂದು ಬ್ರೇಕಿಗೆ ಕೂಸಿನ ಹಣೆಗೆ ಮೂರು ಹೊಲಿಗೆ ಬಿದ್ದದ್ದು. ಮರುದಿನವೇ ಅವಳು ಸೀಟು ತಂದು, ಜೊತೆಗೆ ಬಂದ ಪುಸ್ತಕ ಓದಿಕೊಂಡು, ತಾನೇ ಕಾರಿನಲ್ಲಿ ಕೂರಿಸಿದ್ದಳು. ವಾರ ಕಳೆಯುವಷ್ಟರಲ್ಲಿ, ಗೆಳೆಯರ ಸಾಮಾನಿಗೆ ಜಾಗ ಸಾಲದೆಂದು ಗಂಡ ಅದನ್ನು ಕಿತ್ತು ಅಟ್ಟಕ್ಕೆ ಎಸೆದ. ಅವತ್ತು ಮಗುವನ್ನೆತ್ತಿಕೊಂಡು ದೊಡ್ಡಮ್ಮನ ಮನೆಗೆ ಬಂದವಳು ತಿರುಗಿ ಹೋಗಲಿಲ್ಲ. ಒಂದು ಸೀಟಿಗೋಸ್ಕರ ಸಂಸಾರ ಬಿಟ್ಟಳೆಂದು ಜನ ಮೂಗು ಮುರಿದರು. ಮುರಿಯಲಿ ಬಿಡಿ, ಅವರದ್ದೇ ಮೂಗು.

ಎಲ್ಲ ಕೇಳಿದ ಲಿಫ್ಟಿನವನು "ಸರಿ" ಎಂದ, ಅಷ್ಟೇ. ಅಲ್ಲಿಂದ ಒಂದು ತಿಂಗಳು ಕಾರಿನ ಮಾತೇ ಎತ್ತಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಒಂದು ನಗು, ಬಟಾಣಿಯ ಕೆನ್ನೆಗೊಂದು ಚಿವುಟು. ಈಗ ಕಾರಣ ಗೊತ್ತಾಯಿತಲ್ಲ! ಮಗುವಿದ್ದ ಮೇಲೆ ಅದಕ್ಕೊಬ್ಬಳು ತಾಯಿಯೂ ಇರಲೇಬೇಕು.

ಅಷ್ಟರಲ್ಲಿ ಕೆಳಗಿನಿಂದ ಅವನ ದನಿ ಕೇಳಿಸಿತು. "ಥತ್, ಇವತ್ತೂ ಅಲ್ಲಾಡ್ತಿದೆಯಲ್ಲ ಈ ಸೀಟು!"

ಅಲ್ಲಾಡುವ ಸೀಟಿನಲ್ಲಿ ಮಗು! ಯಾರ ಮಗುವಾದರೇನು? ಅವಳು ಲಿಫ್ಟಿಗೂ ಕಾಯದೆ ದಡದಡ ಮೆಟ್ಟಿಲಿಳಿದಳು.

"ರೀ! ಅಲ್ಲಾಡೋ ಸೀಟಲ್ಲಿ ಮಗೂನ ಕೂರಿಸ್ತಾರೇನ್ರೀ? ಮೊದಲು ಎತ್ಕೊಳ್ಳಿ!"

ಅವನು ಬೆಚ್ಚಿ ತಲೆಯೆತ್ತಿದ. ಕಾರಿನ ಸೂರು ಅವನ ನೆತ್ತಿಗೆ ಡಬ್ಬೆಂದು ಬಡಿಯಿತು. ಅವನನ್ನು ಬದಿಗೆ ಸರಿಸಿ ಅವಳೇ ಒಳಗೆ ಬಗ್ಗಿದಳು.

ಕಾರಿನ ಹಿಂಬದಿಗೆ ಮುಖಮಾಡಿ, ಭುಜದ ಪಟ್ಟಿ ಕಟ್ಟಿಸಿಕೊಂಡು, ಗಂಭೀರವಾಗಿ ಕುಳಿತಿದ್ದುದು ಒಂದು ಹಿಟ್ಟಿನ ಮೂಟೆ. ಅದರ ಟೋಪಿಗೆ ಎರಡು ಕಿವಿ, ಒಂದು ಕಿವಿಗೆ ನೀಲಿ ದಾರದ ಹೊಲಿಗೆ. ಆ ಹೊಲಿಗೆ ಹಾಕಿದವಳು ಅವಳೇ.

"ಇದು ಬಟಾಣಿ ಟೋಪಿ!"

"ಹೋದ ವಾರ ನಿಮ್ಮ ಬಾಲ್ಕನಿಯಿಂದ ಬಿತ್ತು. ಕೊಡಬೇಕು ಅಂತಾನೇ ಇದ್ದೆ..."

"ಮತ್ತೆ ಇದು?"

"ಹತ್ತು ಕಿಲೋ." ಅವನು ನೆತ್ತಿ ಉಜ್ಜಿಕೊಂಡ. "ಲಿಫ್ಟ್ ಕೆಟ್ಟ ದಿನ ನೀವು ಅವಳನ್ನ ಎತ್ಕೊಂಡು ಮೂರು ಮಹಡಿ ಹತ್ತಿದ್ರಲ್ಲ, ಹತ್ತು ಕಿಲೋ ಹಿಟ್ಟಿನ ಮೂಟೆ ಕಣೇ ನೀನು ಅಂತ ಬೈಕೊಂಡು? ಅದಕ್ಕೇ..."

"ನಾನು ಬೈದಿದ್ದನ್ನ ತೂಕ ಹಾಕಿಸಿ ತಂದ್ರಾ?"

"ನಾವು ಲಿಫ್ಟಿಗೆ ಮೊದಲೇ ಜನಾನ ಹತ್ತಿಸಲ್ಲ ಮೇಡಂ. ಭಾರ ಇಟ್ಟು ಓಡಿಸಿ ನೋಡ್ತೀವಿ. ಇದಕ್ಕೂ ಹಾಗೇ ಮಾಡೋಣ ಅಂತ. ಒಂದು ತಿಂಗಳಿಂದ ದಿನಾ ಕೂರಿಸ್ತಿದೀನಿ. ಎಷ್ಟು ಬಿಗಿದರೂ ನಿಲ್ತಾ ಇಲ್ಲ."

ಒಂದು ತಿಂಗಳು. ಅವಳು "ಯಾರ ಕಾರೂ ಹತ್ತಲ್ಲ" ಎಂದು ಹೇಳಿದ ದಿನದಿಂದ. ಅವಳಿಗೆ ನಗು ಬಂತು. ಅದನ್ನು ನುಂಗಿಕೊಂಡು ಬೆಲ್ಟನ್ನು ಪರೀಕ್ಷಿಸಿದಳು.

"ನಿಲ್ಲೋದು ಹೇಗೆ? ತೂರಿಸಿರೋ ದಾರಿನೇ ತಪ್ಪು. ಈ ಮೇಲಿನ ಕೆಂಪು ಗುರುತು, ಮಗು ದೊಡ್ಡದಾಗಿ ಮುಂದಕ್ಕೆ ಮುಖ ಮಾಡಿ ಕೂತಾಗ. ಈಗ ಹಿಂದಕ್ಕೆ ಮುಖ ಅಲ್ವಾ? ಕೆಳಗೆ ನೋಡಿ, ನೀಲಿ ಗುರುತು. ಪುಸ್ತಕ ಓದಲಿಲ್ವಾ?"

"ಮೂರು ಸಲ ಓದಿದೆ. ಆದ್ರೂ ಕೈ ಮೇಲಕ್ಕೇ ಹೋಗುತ್ತೆ." ಅವನು ನಾಲಿಗೆ ಕಚ್ಚಿಕೊಂಡ. "ನಮ್ಮ ಕೆಲಸದಲ್ಲಿ ಭಾರ ಯಾವತ್ತೂ ಮೇಲಿಂದಾನೇ ಹಿಡಿಯೋದು."

ಅವಳು ಸುತ್ತಿ ಬಂದು ಆಚೆ ಬಾಗಿಲಿನಿಂದ ಹತ್ತಿದಳು. ಮೂಟೆಯನ್ನು ಇಳಿಸಿ, ಬೆಲ್ಟನ್ನು ನೀಲಿ ಗುರುತಿನಲ್ಲಿ ತೂರಿಸಿದಳು.

"ಮಂಡಿ ಊರಿ."

"ಎಲ್ಲಿ?"

"ನನ್ನ ತಲೆ ಮೇಲೆ! ಸೀಟೊಳಗೆ ಊರ್ರೀ, ಪೂರ್ತಿ ಭಾರ ಹಾಕಿ. ನಾನು ಎಳೀತೀನಿ."

ಅವನು ಒತ್ತಿದ, ಅವಳು ಎಳೆದಳು. ಇಬ್ಬರ ಮುಖಗಳ ನಡುವೆ ಒಂದು ಗೇಣೂ ಇರಲಿಲ್ಲ. ಅವನ ಉಸಿರಿಗೆ ಅವಳ ಹಣೆಗೂದಲು ಅಲುಗಿತು. ಅವನ ಕಿವಿ ತುದಿಯಿಂದ ಬುಡದವರೆಗೆ ಕೆಂಪಗಾಗಿದ್ದನ್ನು ಅವಳು ಕಂಡಳು.

"ನನ್ನ ಹಲ್ಲು ನೋಡ್ತಿದೀರಿ," ಎಂದ ಅವನು ಮೆಲ್ಲಗೆ.

"ಇಲ್ಲಪ್ಪ, ಬೆಲ್ಟ್ ನೋಡ್ತಿದೀನಿ."

"ಬೆಲ್ಟ್ ಕೆಳಗಿದೆ ಮೇಡಂ."

ಅವಳ ಕೆನ್ನೆ ಬಿಸಿಯಾಯಿತು. ಸಿಟ್ಟಿನವಳ ಹಾಗೆ ಇನ್ನೊಮ್ಮೆ ಜಗ್ಗಿ ಬೆಲ್ಟನ್ನು ಲಾಕ್ ಮಾಡಿದಳು. "ಈಗ ಬೆಲ್ಟ್ ಹೋಗಿರೋ ಜಾಗದಲ್ಲೇ ಹಿಡಿದು ಅಲ್ಲಾಡಿಸಿ."

ಅವನು ಅಲ್ಲಾಡಿಸಿದ. ಕಾರೇ ತೂಗಾಡಿತು. ಸೀಟು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಪರೀಕ್ಷೆ ಪಾಸಾದ ಹುಡುಗನ ಹಾಗೆ ಅವನ ಮುಖ ಅರಳಿತು. ಆದರೆ ಮರುಕ್ಷಣವೇ ಅವನ ಕೈ ಬಕಲ್ಲಿನ ಕೆಂಪು ಗುಂಡಿಯತ್ತ ಹೋಯಿತು.

"ಯಾಕೆ ಬಿಚ್ತೀರಿ?" ಸೀಟು ಕೀಳುವ ಕೈಯನ್ನು ಅವಳು ಹಿಂದೊಮ್ಮೆ ನೋಡಿದ್ದಳು.

"ದಿನಾ ಬಿಚ್ಚಿ ಡಿಕ್ಕಿಯಲ್ಲಿ ಇಡ್ತೀನಿ. ನಿಮ್ಮ ಕಣ್ಣಿಗೆ ಬಿದ್ರೆ ಬಲವಂತ ಮಾಡಿದ ಹಾಗಾಗುತ್ತೆ. ಸೀಟು ರೆಡಿ ಇಟ್ಕೊಂಡು ಎದುರಿಗೆ ನಿಂತ್ರೆ, ಬೇಡ ಅನ್ನೋಕೆ ನಿಮಗೆ ಕಷ್ಟ ಅಲ್ವಾ? ಬೇಡ ಅನ್ನೋದು ನಿಮಗೆ ಸುಲಭವಾಗಿರಬೇಕು."

ಅವಳು ಸೀಟಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತಳು.

"ಬರೀ ಹಿಂದಕ್ಕೆ ಮುಖ ಮಾಡೋ ಸೀಟು ತರಬಹುದಿತ್ತು," ಎಂದಳು ಕೊನೆಗೆ. "ತಿರುಗಿಸೋ ಸೀಟು ಯಾಕೆ ತಂದ್ರಿ?"

"ಅದು ಸ್ವಲ್ಪ ದಿನಕ್ಕಷ್ಟೇ ಅಂದ್ರು ಅಂಗಡಿಯವರು. ಇದನ್ನ ಆಮೇಲೆ ತಿರುಗಿಸಿದ್ರೆ, ಏಳು ವರ್ಷದ ತನಕ ಬರುತ್ತಂತೆ."

"ಬಟಾಣಿಗೆ ಈಗ ಒಂದೂವರೆ."

"ಗೊತ್ತು."

"ಅಷ್ಟು ವರ್ಷ ಯೋಚನೆ ಮಾಡಿ ತಗೊಂಡ್ರಾ?"

"ಅದು ಸೀಟಿನ ಆಯಸ್ಸು ಹೇಳಿದ್ದು." ಅವನು ಮೊದಲ ಬಾರಿಗೆ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ನಾನು ಯೋಚನೆ ಮಾಡಿರೋದು ಅದಕ್ಕಿಂತ ಜಾಸ್ತಿ. ನೀವು ಅಂದ್ರೆ ನನಗೆ ಇಷ್ಟ. ನೀವಿಬ್ಬರೂ. ಉತ್ತರ ಈಗಲೇ ಬೇಡ."

ಅವಳು ಕಾರಿನಿಂದಿಳಿದು ಮೇಲಕ್ಕೆ ಮುಖವೆತ್ತಿ ಕೂಗಿದಳು. "ದೊಡ್ಡಮ್ಮಾ, ಬಟಾಣಿನ ಕರ್ಕೊಂಡು ಬನ್ನಿ!"

ಬಟಾಣಿ ಬಂದಳು, ಟೋಪಿ ಕಂಡು ಕಿರುಚಿದಳು, ಕಿತ್ತುಕೊಂಡು ತಲೆಗೇರಿಸಿದಳು. ಅವಳನ್ನು ಸೀಟಿನಲ್ಲಿ ಕೂರಿಸಿ, ಭುಜದ ಪಟ್ಟಿ ಬಿಗಿದು, ಬಟ್ಟೆ ಚಿವುಟಿದ ಹಾಗೆ ಎರಡು ಬೆರಳಲ್ಲಿ ಪಟ್ಟಿಯನ್ನು ಚಿವುಟಿ ನೋಡಿದಳು ತಾಯಿ. ಬೆರಳಿಗೆ ಏನೂ ಸಿಗಲಿಲ್ಲ. ಸಡಿಲವಿಲ್ಲ. ಆದರೂ ಅವಳಿಗೆ ಸಮಾಧಾನವಾಗಲಿಲ್ಲ.

"ನೀವೂ ಒಂದ್ಸಲ ನೋಡಿ," ಎಂದಳು ಅವನಿಗೆ.

ಅವನು ನೋಡಿದ. ಒಂದು ಸಲವಲ್ಲ, ಮೂರು ಸಲ. "ಏನಾಗುತ್ತೆ ಬಿಡಿ" ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಆ ಮಾತು ಬರುತ್ತದೇನೋ ಎಂದೇ ಅವಳು ಕಾಯುತ್ತಿದ್ದಳು. ಸುತ್ತಿ ಹೋಗಿ ಆಚೆ ಬಾಗಿಲು ತೆರೆದಳು.

"ಒಂದು ಸುತ್ತು ಹೋಗಿ ಬರೋಣ," ಎಂದು ಅವಳು ಮಗುವಿನ ಪಕ್ಕದಲ್ಲಿ ಕೂತಳು. "ನಿಧಾನಕ್ಕೆ."

ಹೋಗಿ ಬಂದರು. ಬೀದಿಯ ಕೊನೆಯ ತನಕ, ಸೈಕಲ್ಲಿನವರೂ ಹಿಂದೆ ಹಾಕುವಷ್ಟು ನಿಧಾನಕ್ಕೆ. ಬಾಗಿಲಲ್ಲಿ ಹಿಟ್ಟಿನ ಮೂಟೆ ಕಾಯುತ್ತ ನಿಂತಿದ್ದ ದೊಡ್ಡಮ್ಮ, "ಇದು ಯಾರದ್ದು? ವಾರಸುದಾರರಿಲ್ಲದಿದ್ರೆ ನಾನು ತಗೊಂಡು ಹೋಗ್ತೀನಿ," ಎಂದರು.

"ತಗೊಂಡು ಹೋಗಿ ದೊಡ್ಡಮ್ಮಾ. ಇನ್ನು ಅದರ ಕೆಲಸ ಇಲ್ಲ," ಎಂದಳು ಅವಳು, ನಿದ್ದೆಹೋದ ಬಟಾಣಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತ.

ಅವನು ಖಾಲಿ ಸೀಟಿನ ಮುಂದೆ ನಿಂತಿದ್ದ. ಬಿಚ್ಚಲೋ ಬೇಡವೋ ಎಂದು ಕೇಳುವ ಧೈರ್ಯವಾಗದೆ ಅವಳ ಮುಖವನ್ನೇ ನೋಡಿದ.

"ಇನ್ನು ತೆಗೀಬೇಡಿ," ಎಂದಳು. "ಅದು ಅಲ್ಲೇ ಇರಲಿ. ತಿರುಗಿಸೋ ದಿನ ಬಂದಾಗ ಇಬ್ರೂ ಸೇರಿ ತಿರುಗಿಸೋಣ."

ಅವನ ಕೋರೆಹಲ್ಲು ಎಲ್ಲಕ್ಕಿಂತ ಮೊದಲು ನಕ್ಕಿತು.