ಕಲಾಯಿ ಹಾಕದ ತಪ್ಪಲೆ

ಆಯುಧಪೂಜೆಗೆ ಇನ್ನೊಂದೇ ವಾರ ಅಂದ್ರೆ ಸಾಕು, ಮರಡಿಗಿರಿ ಕೋಟೆ ಒಳಗೆ ಕಾಲಿಡೋಕೆ ಜಾಗ ಇರ್ತಿರಲಿಲ್ಲ! ಆನೆಗಳ ಮೈ ಉಜ್ಜೋರು ಒಂದ್ಕಡೆ, ಬುರುಜಿಗೆ ಸುಣ್ಣ ಬಳಿಯೋರು ಒಂದ್ಕಡೆ, ಕಹಳೆ ಊದಿ ಊದಿ ಕೆನ್ನೆ ಊದಿಸ್ಕೊಂಡೋರು ಇನ್ನೊಂದ್ಕಡೆ. ಆದ್ರೆ ನೋಡೋದಿದ್ರೆ ಕಂಚುಗಾರರ ಬೀದೀನೇ ನೋಡ್ಬೇಕು. ಅರಮನೆಯ ತಾಮ್ರದ ಪಾತ್ರೆಗಳೆಲ್ಲ ಕಲಾಯಿಗೆ ಅಲ್ಲಿಗೇ ಬರೋದು. ಗಂಡಸರು ಪಾತ್ರೆಯೊಳಗೆ ಮರಳು, ಹುಣಸೆಹಣ್ಣು ಹಾಕಿ, ಬರಿಗಾಲಲ್ಲಿ ನಿಂತು, ಗೋಡೆ ಹಿಡ್ಕೊಂಡು ಸೊಂಟ ತಿರುಗಿಸಿ ತಿರುಗಿಸಿ ಉಜ್ಜೋರು. ಆಮೇಲೆ ಕೆಂಡದ ಮೇಲಿಟ್ಟು ನವಸಾಗರದ ಪುಡಿ ಉದುರಿಸಿದ್ರೆ ಭುಸ್ ಅಂತ ಬಿಳಿ ಹೊಗೆ, ಅದರ ಮೇಲೆ ತವರ ಸವರಿದ್ರೆ ಬೆಳ್ಳಿ ಹಂಗೆ ಫಳಫಳ!

ಆ ಬೀದಿಗೆಲ್ಲ ಹಿರಿಯ ತಿಪ್ಪಾಚಾರಿ. ಆ ವರ್ಷ ಏನಾಯ್ತು ಅಂದ್ರೆ, ಕೊನೇ ಪಾತ್ರೆ ಉಳಿದಾಗ ನವಸಾಗರ ಮುಗಿದುಹೋಯ್ತು. ಅದಿಲ್ದೆ ತಾಮ್ರಕ್ಕೆ ತವರ ಹಿಡಿಯೋದೇ ಇಲ್ಲ. ಉಳಿದಿದ್ದು ಯಾವ್ದು? ದೊರೆ ಬೊಮ್ಮರಸನಾಯಕರ ಸಾರಿನ ತಪ್ಪಲೆ! ಸಂಜೆಗೇ ಬೇಕು ಅಂತ ಅರಮನೆಯಿಂದ ಆಳು ಬಂದು ನಿಂತಿದ್ದ. ತಿಪ್ಪಾಚಾರಿ ನೋಡಿದ್ರು, ಹಳೇ ಕಲಾಯಿ ಅಲ್ಲಲ್ಲಿ ಉಳಿದಿತ್ತು. ಬೂದಿ ಹಾಕಿ ತಿಕ್ಕಿ, ಹೊಳೆಸಿ, ಹಬ್ಬ ಕಳೀಲಿ ಅಂದ್ಕೊಂಡು ಕಳಿಸಿಬಿಟ್ರು. ಅಷ್ಟೇ. ಅವರು ಮಾಡಿದ್ದು ಅಷ್ಟೇ!

ದೊರೆಗೆ ಹುರುಳಿಕಟ್ಟಿನ ಸಾರು ಅಂದ್ರೆ ಪ್ರಾಣ, ಅದೂ ಹಿಂದಿನ ದಿನದ್ದೇ ಆಗ್ಬೇಕು. ಅಡುಗೆಯ ಅಚ್ಚಮ್ಮ, ರಾಣಿಯ ಜೊತೆ ಅವರ ತವರುಮನೆಯಿಂದ ಬಂದೋಳು, ಹುಣಸೆಹುಳಿ ಜಾಸ್ತೀನೇ ಹಾಕಿ ಕುದಿಸಿ ಅದೇ ತಪ್ಪಲೇಲಿ ಬಿಟ್ಟಿದ್ಲು. ಮಾರನೇ ದಿನ ಎರಡು ಸೌಟು ಉಂಡಿದ್ದೇ ತಡ, ದೊರೆ ಹಸಿರು ಹಸಿರಾಗಿ ಕಾರ್ಕೊಂಡ್ರು!

ರಾಣಿಯ ಕಡೆಯೋರನ್ನ ಓಡಿಸೋಕೆ ಕಾಯ್ತಿದ್ದ ದಳವಾಯಿ ಕೆಂಚನಾಯಕ ಸುಮ್ನಿರ್ತಾನಾ? ಗಳಿಗೆ ಕಳೆಯೋದ್ರೊಳಗೆ ಅಚ್ಚಮ್ಮನ ಪೆಟ್ಟಿಗೇಲಿ ತಾಮ್ರದಿಂದಾಗೋ ನೀಲಿ ವಿಷ, ಮೈಲುತುತ್ತದ ಪೊಟ್ಟಣ ಸಿಕ್ತು. ಅವಳನ್ನ ಸೆರೆಗೆ ಹಾಕಿದ್ರು. ಅವಳ ತಲೆ ಹೋದ್ಮೇಲೆ ರಾಣಿಯ ಸರದಿ ಅಂತ ಎಲ್ರಿಗೂ ಗೊತ್ತಿತ್ತು.

ಹಸಿರು ಅನ್ನೋ ಮಾತು ಕಿವಿಗೆ ಬಿದ್ದಾಗಲೇ ತಿಪ್ಪಾಚಾರಿಗೆ ಅರ್ಥ ಆಯ್ತು. ಹುಳಿ, ಬರೀ ತಾಮ್ರ, ಒಂದು ಹಗಲು ಒಂದು ರಾತ್ರಿ, ಇನ್ನೇನು ಬೇಕು? ಈಗಲೇ ಹೋಗಿ ಹೇಳ್ತೀನಿ ಅಂತ ರುಮಾಲು ಸುತ್ಕೊಂಡ್ರು. ಬಾಗಿಲ ತನಕ ಹೋದ್ರು. ದೊರೆಯ ಅನ್ನ ಕೆಡಿಸಿದೋರಿಗೆ ಬಲಗೈ ಕಡಿಯೋ ಶಿಕ್ಷೆ. ಬಲಗೈ ಹೋದ ಕಂಚುಗಾರ ಏನು ಮಾಡ್ಬೇಕು? ರುಮಾಲು ಬಿಚ್ಚಿಟ್ರು. ನಾಳೆ ಅಂದ್ರು. ಹಿಂಗೇ ಮೂರು ದಿನ!

ನಾಲ್ಕನೇ ದಿನ ದಳವಾಯೀನೇ ಕರೆಸಿದ. ಮೈ ಇಳಿದುಹೋಗಿದ್ರೂ ದೊರೆ ಒಡ್ಡೋಲಗದಲ್ಲಿ ಕೂತಿದ್ರು, ಅಚ್ಚಮ್ಮನ್ನ ಕಟ್ಟಿ ನಿಲ್ಲಿಸಿದ್ರು, ಮೊಹರು ಹಾಕಿಟ್ಟಿದ್ದ ಸಾರಿನ ತಪ್ಪಲೆ ಮುಂದಿತ್ತು.

"ಆಚಾರ್ರೇ, ಲೋಹದ ವಿಷ ನಿಮಗಿಂತ ಬಲ್ಲೋರು ಯಾರು? ಇದರಲ್ಲಿ ತಾಮ್ರದ ವಿಷ ಇದೆಯೋ ಇಲ್ವೋ, ಅಷ್ಟೇ ಹೇಳಿ" ಅಂದ ದಳವಾಯಿ.

ತಿಪ್ಪಾಚಾರಿ ಒಂದು ಕಬ್ಬಿಣದ ಚೂರಿ ತಿಕ್ಕಿ ಸಾರಲ್ಲಿ ಅದ್ದಿದ್ರು. ಸ್ವಲ್ಪ ಹೊತ್ತು ಬಿಟ್ಟು ತೆಗೆದ್ರೆ, ಅಬ್ಬಾ, ಚೂರಿ ಅಲಗಿಗೆಲ್ಲ ಕೆಂಪಗೆ ತಾಮ್ರ ಹತ್ತಿತ್ತು!

"ಇದೆ ಮಹಾಸ್ವಾಮಿ."

"ಕೇಳಿದ್ರಲ್ಲ!" ಅಂತ ದಳವಾಯಿ ಕುಣಿಯೋದೊಂದು ಬಾಕಿ.

ಅಚ್ಚಮ್ಮ ಅಳ್ಲಿಲ್ಲ. "ನಮ್ಮ ಒಲೆ ಮುಂದೆ ಕೂತು ಎಷ್ಟು ಸಲ ಉಂಡು ಹೋಗಿದ್ದೀರ ಆಚಾರ್ರೇ" ಅಂದ್ಲು ಅಷ್ಟೇ.

ತಿಪ್ಪಾಚಾರಿ ರುಮಾಲು ಬಿಚ್ಚಿ ತಪ್ಪಲೆ ಪಕ್ಕ ಇಟ್ರು. "ಇದೆ ಬುದ್ಧೀ, ಆದ್ರೆ ಯಾರೂ ಹಾಕಿಲ್ಲ! ಈ ತಪ್ಪಲೆಗೆ ನಾನು ಕಲಾಯಿ ಹಾಕಿಲ್ಲ. ಬೂದೀಲಿ ತಿಕ್ಕಿ ಕಣ್ಣಿಗೆ ಮಣ್ಣೆರಚಿದೆ. ಹುಳಿ ತಾಮ್ರಾನ ತಿಂದು ವಿಷ ಮಾಡಿದೆ. ಇದನ್ನ ತೊಳೆದು, ಬರೀ ಹುಣಸೆನೀರು ತುಂಬಿ, ತಮ್ಮ ಕಣ್ಮುಂದೇನೇ ಇಟ್ಕೊಳ್ಳಿ. ನಾಳೆ ನೋಡಿ."

"ಹುಚ್ಚು ಹಿಡಿದಿದೆ ಇವನಿಗೆ!" ಅಂತ ದಳವಾಯಿ ಕಿರುಚಿದ. ದೊರೆ ಕೈ ಎತ್ತಿದ್ರು, ತಪ್ಪಲೆ ಅವರ ಮಂಚದ ಪಕ್ಕಕ್ಕೇ ಹೋಯ್ತು.

ಮಾರನೇ ದಿನ ನೀರು ಹಸಿರಾಗಿತ್ತು. ಅದ್ದಿದ ಚೂರಿ ಕೆಂಪಾಯ್ತು.

ದೊರೆ ನಿಧಾನಕ್ಕೆ ತಿರುಗಿದ್ರು. "ಹಂಗಾದ್ರೆ ದಳವಾಯಿಗಳೇ, ಆ ಪೊಟ್ಟಣ ಎಲ್ಲಿಂದ ಬಂತು?"

ಅವತ್ತೇ ಕೆಂಚನಾಯಕನ ಕೈಗೆ ಕೋಳ ಬಿತ್ತು.

ತಿಪ್ಪಾಚಾರಿ ಮುಂದೆ ಬಂದು ಬಲಗೈ ನೀಡಿದ್ರು. ದೊರೆ ಅಂದ್ರು, "ಕೈ ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ಬಹುದಿತ್ತು, ಹೇಳ್ಲಿಲ್ಲ. ನಾವು ಕ್ಷಮಿಸಿದ್ದೀವಿ. ಆದ್ರೆ ಸೆರೇಲಿದ್ದೋಳು ಅಚ್ಚಮ್ಮ. ಶಿಕ್ಷೆ ಅವಳೇ ಹೇಳ್ಲಿ."

ಅಚ್ಚಮ್ಮ ಕೇಳಿದ್ಲು: "ನಿಮಗೆ ಯಾವತ್ತು ಗೊತ್ತಾಯ್ತು ಆಚಾರ್ರೇ?"

"ಮೊದಲ್ನೇ ದಿನಾನೇ ತಾಯಿ."

ಅವಳು ದೊರೆ ಕಡೆ ತಿರುಗಿದ್ಲು. "ಕೈ ಇರ್ಲಿ ಬುದ್ಧೀ, ಪಾತ್ರೆಗಳಿಗೆ ಬೇಕು. ಇನ್ಮೇಲೆ ನಾನು ಏನು ಬೇಯಿಸಿದ್ರೂ ಮೊದಲ ತುತ್ತು ಇವರೇ ಉಣ್ಲಿ, ದಿನಾ ನನ್ನ ಮುಂದೆ ಕೂತು."

ಹದಿನೆಂಟು ವರ್ಷ ಉಂಡ್ರು ತಿಪ್ಪಾಚಾರಿ. ಪಾತ್ರೆಗಳೆಲ್ಲ ಕನ್ನಡಿ ಹಂಗೆ ಹೊಳೀತಿದ್ವು, ಅಡುಗೆ ಅಮೃತ. ಆದ್ರೆ ಒಂದು ದಿನಾನೂ ಅವರು ತಲೆ ಎತ್ತಿ ಇನ್ನೊಂದು ತುತ್ತು ಕೇಳ್ಲಿಲ್ಲ, ಅವಳೂ ಬಡಿಸ್ಲಿಲ್ಲ.