ಮೀಸೆಯ ಯಜಮಾನಿ

"ಏ ಹುಡುಗಿ! ನೆಲಾ ಒರಸಾಕ ಬರಂಗಿಲ್ಲೇನು? ಊಟಕ್ಕ ಮಾತ್ರ ಮುಂದ!"

ಪಕ್ಕದ ಕಟ್ಟಡದ ಟೆರೇಸಿನಿಂದ ಈ ದನಿ ಕೇಳಿದಾಗ ಪೂರ್ವಿ ಬಟ್ಟೆ ಒಣಹಾಕುತ್ತಿದ್ದಳು. ತೆಲುಗು ಸೀಮೆಯ ಮಾದಾಪುರದಲ್ಲಿ ಕನ್ನಡ ಕಿವಿಗೆ ಬಿದ್ದರೆ ಕುಣಿದಾಡುವ ಮೈಸೂರಿನ ಹುಡುಗಿ ಅವಳು. ಇವತ್ತು ಮಾತ್ರ ರಕ್ತ ಕುದಿಯಿತು. ಗೋಡೆಯಾಚೆ ಹಸಿರು ಸೀರೆಯ ಬೆನ್ನೊಂದು ಕಾಣಿಸಿತು, ಅದರ ಮುಂದೆ ಎರಡು ಜಡೆಯ ಪುಟ್ಟ ಹುಡುಗಿ ನೆಲ ಒರೆಸುತ್ತಿದ್ದಳು. ಪೂರ್ವಿ ಹಿಂದುಮುಂದು ನೋಡದೆ ಮಕ್ಕಳ ಹೆಲ್ಪ್‌ಲೈನಿಗೆ ಫೋನ್ ಮಾಡಿದಳು. ಅಷ್ಟಕ್ಕೇ ಬಿಡುವವಳೇ? ಮೆಟ್ಟಿಲು ಹತ್ತಿ ಅಲ್ಲಿಗೇ ನುಗ್ಗಿದಳು.

"ನಾಚಿಕೆ ಆಗಲ್ವಾ ನಿಮಗೆ? ಅಷ್ಟು ಚಿಕ್ಕ ಮಗೂನ..."

ಯಜಮಾನಿ ತಿರುಗಿದಳು. ಯಜಮಾನಿಗೆ ದಪ್ಪ ಮೀಸೆ ಇತ್ತು.

ಮಗು ಎದ್ದು ನಿಂತು ಕಿಸಕ್ಕನೆ ನಕ್ಕಿತು. ಅದು ಮಗುವಲ್ಲ, ಡಿಗ್ರಿ ಓದುವ ತಾರಾ ಎಂಬ ಹುಡುಗಿ! ಮನೆಗೆಲಸಕ್ಕೆ ಮಕ್ಕಳನ್ನು ಇಟ್ಟುಕೊಳ್ಳಬೇಡಿ ಎಂದು ಕಾಲೋನಿ ಕಾಲೋನಿ ಸುತ್ತಿ ಕನ್ನಡದಲ್ಲೂ ತೆಲುಗಿನಲ್ಲೂ ಬೀದಿನಾಟಕ ಆಡುವ ತಂಡವಂತೆ, ಇದು ಅದರ ತಾಲೀಮಂತೆ. ಅಷ್ಟರಲ್ಲಿ ಹೆಲ್ಪ್‌ಲೈನಿನವರೂ ಓಡೋಡಿ ಬಂದರು. ಅವರಲ್ಲೊಬ್ಬ ಹೆಂಗಸು ಮೀಸೆ ನೋಡಿ ಹಣೆ ಚಚ್ಚಿಕೊಂಡು, "ಮಳ್ಳೀ ಮೀರೇನಾ, ಪರಮೇಶ್‌ಗಾರು?" ಎಂದರು, ಮತ್ತೆ ನೀವೇನಾ ಅಂತ ತೆಲುಗಿನಲ್ಲಿ. ಹಿಂದೆಯೂ ಯಾರೋ ಹೀಗೇ ಬೇಸ್ತು ಬಿದ್ದಿದ್ದರೆಂದು ಕಾಣುತ್ತದೆ.

ಪೂರ್ವಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಸಿಟ್ಟು ಭಾಳ ಛಂದ ಐತ್ರಿ ನಿಮ್ದು," ಎಂದ ಪರಮೇಶ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ. "ನಮ್ಮ ತಂಡಕ್ಕ ಬರ್ರಿ."

"ಮೊದಲು ಆ ಮೀಸೆ ತೆಗೀರಿ!"

"ಮೀಸಿ ತಗದ್ರ ಹುಡುಗ್ಯಾರು ನೋಡಂಗಿಲ್ರಿ."

"ಈಗೇನು ಎಲ್ಲರೂ ನೋಡ್ತಿದಾರಾ?" ಎಂದವಳು ತಾನೇ ಕಣ್ಣು ಕೀಳದೆ ನೋಡುತ್ತಿದ್ದಳು.

ಆಮೇಲೆ ಭಾನುವಾರಗಳೆಲ್ಲ ನಾಟಕದ ಪಾಲಾದವು. ಪೂರ್ವಿ ಹಲಗೆ ಬಡಿದು ಜನ ಸೇರಿಸಿದಳು, ಪರಮೇಶನ ಸೀರೆಯ ನೆರಿಗೆ ಸರಿಮಾಡಿದಳು. ನೆರಿಗೆ ಸರಿಯಿದ್ದ ದಿನವೂ ಸರಿಮಾಡಿದಳು, ಅದು ಬೇರೆ ಮಾತು. ಅವನೂ ಬೇಕೆಂದೇ ಸೊಟ್ಟಗೆ ಉಡುವುದನ್ನು ಕಲಿತ.

ಆದರೆ ಮನೆಗೆ ಕರೆದರೆ ಮಾತ್ರ ಅವನು ಬಾಗಿಲ ಬಳಿಯೇ ನಿಲ್ಲುತ್ತಿದ್ದ. ಕೂತ್ಕೊಳ್ಳಿ ಅಂದರೆ "ಇಲ್ಲೇ ಆರಾಮ ಐತ್ರಿ" ಅನ್ನುತ್ತಿದ್ದ. ನಿಂತೇ ಟೀ ಕುಡಿದು, ಕಪ್ಪನ್ನು ತಾನೇ ತೊಳೆದಿಟ್ಟು ಹೊರಟುಬಿಡುತ್ತಿದ್ದ. ಇವನಿಗೆ ನನ್ನ ಮೇಲೆ ಮನಸ್ಸೇ ಇಲ್ಲ ಎಂದುಕೊಂಡಳು ಪೂರ್ವಿ. ಹೇಳಬೇಕೆಂದಿದ್ದ ಮಾತನ್ನು ಪ್ರತಿ ವಾರವೂ ಮುಂದಿನ ವಾರಕ್ಕೆ ತಳ್ಳಿದಳು.

ಕೊನೆಗೊಂದು ಭಾನುವಾರ ನಾಟಕ ಅವಳ ಅಪಾರ್ಟ್‌ಮೆಂಟಿಗೇ ಬಂತು. ಎಲ್ಲರಿಗಿಂತ ಜೋರಾಗಿ ನಕ್ಕವರು ಕೆಳಮನೆಯ ಮಧುರಾ ಆಂಟಿ, ಅವರೂ ಕನ್ನಡದವರೇ. ಆದರೆ ಮೀಸೆಯ ಯಜಮಾನಿ, ಕಿಟಕಿಯ ಹೊರಗಿಟ್ಟ ಹಿಡಿ ಮುರಿದ ಕಪ್ಪಿಗೆ ಕೆಲಸದ ಹುಡುಗಿಯ ಚಹಾ ಸುರಿದಾಗ ಆಂಟಿಯ ನಗು ನಿಂತಿತು. ನಾಟಕ ಮುಗಿದ ಮೇಲೆ ಮೆಲ್ಲಗೆ ಪರಮೇಶನ ಹತ್ತಿರ ಬಂದರು.

"ನಮ್ಮನೇಲೂ ಒಬ್ಬಳು ಚಿಕ್ಕ ಹುಡುಗಿ ಇದಾಳಪ್ಪಾ, ಶೈಲಾ ಅಂತ. ಅವಳ ಕಪ್ಪೂ ಕಿಟಕೀಲೇ ಇದೆ. ಏನು ಮಾಡಲಿ?"

"ಅಕಿನ್ನ ಅವ್ವ ಅಪ್ಪನ ಕಡೆ ಮುಟ್ಟಸೂಣ್ರಿ, ಸಾಲಿಗಿ ಹಚ್ಚೂಣು. ನಿಮ್ಮ ಜೋಡಿ ನಾವದೀವಿ."

ಈ ಸಲ ಹೆಲ್ಪ್‌ಲೈನಿಗೆ ಆಂಟಿಯೇ ಫೋನ್ ಮಾಡಿದರು.

"ಆ ಕಪ್ಪಿನ ಸೀನ್ ಯಾರು ಬರೆದಿದ್ದು?" ಮನೆಗೆ ಬಂದ ಮೇಲೆ ಪೂರ್ವಿ ಕೇಳಿದಳು. ಪರಮೇಶ ಎಂದಿನಂತೆ ಬಾಗಿಲ ಬಳಿ ನಿಂತಿದ್ದ, ಇನ್ನೂ ಸೀರೆಯಲ್ಲಿ.

"ಬರಿಯೂದೇನ್ರಿ, ಅದು ನಂದೇ ಕಪ್. ಸಣ್ಣಾವ ಇದ್ದಾಗ ರಾಯಚೂರಿಂದ ತಂದು ಇಲ್ಲೊಬ್ಬರ ಮನಿಯಾಗ ಕೆಲಸಕ್ಕ ಬಿಟ್ಟಿದ್ರು. ಸೋಫಾ ಒರಸಿ ಗೊತ್ತೈತಿ, ಕುಂತು ಗೊತ್ತಿಲ್ಲ. ಯಾರ ಮನಿಗೆ ಹೋದ್ರೂ ಕಾಲು ತಾವ ಬಾಗಲದಾಗ ನಿಂದರತಾವ್ರಿ."

ಅಯ್ಯೋ, ಇಷ್ಟು ದಿನ ತಾನೆಂಥ ಪೆದ್ದಿ! ಪೂರ್ವಿಯ ಕಣ್ಣು ತುಂಬಿತು. ಅಳುತ್ತಾ ನಿಂತರೆ ಇವನು ಮೆಟ್ಟಿಲು ಇಳಿದೇಬಿಟ್ಟಾನು ಎಂದು ಕಣ್ಣೊರೆಸಿಕೊಂಡು ಸೊಂಟಕ್ಕೆ ಕೈಯಿಟ್ಟಳು.

"ಇವತ್ತು ಕೆಲಸದವಳು ನಾನು. ಯಜಮಾನಿ ಎಲ್ಲಾದ್ರೂ ನಿಂತ್ಕೊಂಡು ಟೀ ಕುಡೀತಾಳಾ?"

ಪರಮೇಶ ನಕ್ಕ. ಸೆರಗು ಹೊದ್ದು, ಗತ್ತಿನಿಂದ ನಡೆದು ಬಂದು ಸೋಫಾದ ತುದಿಯಲ್ಲಿ ಕೂತ. "ಏ ಹುಡುಗಿ, ಚಹಾ ತಾ!"

ಅವಳು ತಂದಳು, ತನ್ನದೇ ನೀಲಿ ಕಪ್ಪಿನಲ್ಲಿ. ಅರ್ಧ ಕುಡಿಯುವಷ್ಟರಲ್ಲಿ ಯಜಮಾನಿಯ ಗತ್ತು ಎಲ್ಲೋ ಹೋಗಿತ್ತು. ಕೂತಿದ್ದವನು ಬರೀ ಪರಮೇಶ. ಪೂರ್ವಿ ಪಕ್ಕದಲ್ಲಿ ಕೂತು, ಅದೇ ಕಪ್ಪಿನಿಂದ ಉಳಿದರ್ಧ ಕುಡಿದಳು.

"ನೀವಂದ್ರೆ ನಂಗಿಷ್ಟ. ಮೀಸೆ ಸಮೇತ."

ಅವನ ಕಿವಿಯೆಲ್ಲ ಕೆಂಪಾಯಿತು. "ನನಗ ಆವತ್ತ ಟೆರೇಸ್ ಮ್ಯಾಲೆ ಬೈದ್ರಲ್ಲ, ಆವಾಗಿಂದ. ನಾ ಸಣ್ಣಾವ ಇದ್ದಾಗ ಯಾರೂ ಹಂಗ ನುಗ್ಗಿ ಬಂದಿರಲಿಲ್ರಿ."

ಹೇಳಿದವನೇ ಅಭ್ಯಾಸಬಲದಿಂದ ಕಪ್ ಹಿಡಿದು ಎದ್ದ. ಅವಳು ಸೆರಗು ಹಿಡಿದು ಕೂರಿಸಿದಳು.

"ನಾಳೆ ಬಂದು ತೊಳಿತೀನ್ರಿ ಮತ್ತ."

"ನಾಳೆ ನನ್ನ ಸರದಿ. ನಾಡಿದ್ದು ನಿಮ್ಮದು."

ಪರಮೇಶ ಕಪ್ಪನ್ನು ತೊಳೆಯದೆ ಟೀಪಾಯಿಯ ಮೇಲಿಟ್ಟು, ಸೋಫಾಕ್ಕೆ ಬೆನ್ನು ಆನಿಸಿ ಕೂತ.